ಬೆಟ್ಟಿ ಡೇವಿಸ್, ಕಬ್ಬು ಮತ್ತು ಬೇಸ್ ಗಿಟಾರ್

ಬೆಟ್ಟಿ ಡೇವಿಸ್ ಅಮೆರಿಕದ ಫಂಕ್ ಗಾಯಕಿ. ಫಂಕ್ ಅಂದರೆ ತಾಳ, ಕುಣಿತವೇ ಮುಖ್ಯವಾದ ಅಲ್ಲಿನ ಕರಿಯರ ಸಂಗೀತ. ಆಕೆಯ ಹೆಸರು ಅಂದ ತಕ್ಷಣ ಸಂಗೀತ ಗೊತ್ತಿರುವವರು 'ಓ, ಮೈಲ್ಸ್ ಡೇವಿಸ್ ಹೆಂಡತಿ ಅಲ್ವಾ' ಅಂತಾರೆ. ಮೈಲ್ಸ್ ಅಂದರೆ ಹೆಸರಾಂತ ಜಾಝ್ ಟ್ರಂಪೆಟ್ ವಾದಕ. ಆ ಮದುವೆ ನಡೆದದ್ದು 1968ರಲ್ಲಿ, ಮುರಿದದ್ದು 1969ರಲ್ಲಿ. ಬೆಟ್ಟಿಯ ಮೊದಲ ಆಲ್ಬಮ್ ಬಂದದ್ದು 1973ರಲ್ಲಿ. ಆದರೂ ಆ ಗಂಡನ ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಲೆಕ್ಕ ಹಾಕಿದರೆ ಆ ಸಂಸಾರದಲ್ಲಿ ಲಾಭ ಆದದ್ದು ಮೈಲ್ಸ್‌ಗೇ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮತ್ತು ಫಂಕ್ ಗಾಯಕ ಸ್ಲೈ ಸ್ಟೋನ್ ಸಂಗೀತದ ಕಡೆ ಆತನ ಕಿವಿ ತಿರುಗಿಸಿದ್ದೇ ಈಕೆ.

ನಮ್ಮ ಬೀಳಗಿಯ ಗಾಯಕಿ ಗೋಹರಬಾಯಿ ಕರ್ನಾಟಕಿ ಅವರಿಗೂ ಹೀಗೇ ಆಯಿತು. ತಂಗಿ ಅಮೀರಬಾಯಿ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಗೋಹರಬಾಯಿ ಹೆಸರು ಮಾತ್ರ ಅವರ ಸಂಗಾತಿ, ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರ ಕತೆ ಹೇಳುವಾಗ ಬರುತ್ತದೆ, ಅದೂ ಹೆಚ್ಚಾಗಿ ಬೈಯುವುದಕ್ಕೆ. ಅವರು ಹೇಗೆ ಹಾಡುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ. ಇರಲಿ, ಅದು ಬೇರೆಯದೇ ದೊಡ್ಡ ಬರಹ.

ನಾನು ಹೇಳಬೇಕಾದದ್ದು ಬೆಟ್ಟಿಯ ಎರಡನೇ ಆಲ್ಬಮ್ ಬಗ್ಗೆ. 1974ರ 'ದೇ ಸೇ ಐ ಆಮ್ ಡಿಫರೆಂಟ್'. ಹಳೇ ಹಾರ್ಡ್ ಡಿಸ್ಕಿನಲ್ಲಿ ಯಾವಾಗಲೋ ಗೆಳೆಯನೊಬ್ಬ ತುಂಬಿಸಿಕೊಟ್ಟಿದ್ದ ಫೋಲ್ಡರ್ ಅದು. ಈಚೆಗೆ ಸುಮ್ನೆ ಹಚ್ಚಿದೆ, ಆಮೇಲೆ ಬೇರೇನೂ ಕೇಳಬೇಕು ಅನ್ನಿಸಲಿಲ್ಲ. ಒಟ್ಟು ಎಂಟೇ ಹಾಡು. ಆಲ್ಬಮ್ ಹೆಸರಿನ ಹಾಡು ಎರಡನೇ ಬದಿಯಲ್ಲಿದೆ, ಅದರಲ್ಲಿ ಅವಳು ತನ್ನನ್ನು ಕಬ್ಬಿನ ತುಂಡು ಅಂತ ಕರೆದುಕೊಳ್ಳುತ್ತಾಳೆ. ತಿರುಳಿನವರೆಗೂ ಸಿಹಿ, ಅದಕ್ಕೇ ತನ್ನಲ್ಲಿ ತಾಳ ಇದೆ ಅಂತ. ಮುಧೋಳದವನಾಗಿ ಇದನ್ನು ಕೇಳಿ ನಾನು ಸುಮ್ಮನಿರುವುದು ಹೇಗೆ?

ಮುಂದೆ ಕೇಳಿ. ಅದೇ ಹಾಡಿನಲ್ಲಿ ಮುತ್ತಜ್ಜಿ ಬರುತ್ತಾಳೆ. ಪಟ್ಟಣದ ನಯವಾದ ಕುಣಿತ ಆಕೆಗೆ ಸೇರುವುದಿಲ್ಲ. ನಶ್ಯ ಉಗುಳುತ್ತಾ ಬ್ಲೂಸ್ (ಅಮೆರಿಕದ ಕರಿಯರ ಹಳೇ ಜನಪದ ಧಾಟಿ) ಗಾಯಕ ಎಲ್ಮೋರ್ ಜೇಮ್ಸ್ ಹಾಡಿಗೆ ಮೈ ಕುಣಿಸುವ ಮುದುಕಿ. ಮುತ್ತಜ್ಜ ಕಳ್ಳಭಟ್ಟಿ ಹಿಡಿದು ಬಿ.ಬಿ. ಕಿಂಗ್, ಜಿಮ್ಮಿ ರೀಡ್ ಕೇಳುತ್ತಾನೆ. ಹಂದಿಗಳಿಗೆ ಮೇವು ಹಾಕುವ ಹೊತ್ತಿನಲ್ಲಿ ಜಾನ್ ಲೀ ಹೂಕರ್. ಇವೆಲ್ಲ ಬರೀ ಕಲ್ಪನೆ ಇರಲಿಕ್ಕಿಲ್ಲ. ಬೆಟ್ಟಿ ಹುಟ್ಟಿದ್ದು ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ, ಅದು ಆಗ ಸಿಗರೇಟ್ ಕಾರ್ಖಾನೆಗಳ ಊರು, ಸುತ್ತಲೂ ತಂಬಾಕು ಬೆಳೆಯುವ ಸೀಮೆ, ಅಂದರೆ ನಮ್ಮ ನಿಪ್ಪಾಣಿ ಕಡೆಯವರಿಗೆ ವಾಸನೆಯಿಂದಲೇ ಗುರುತು ಸಿಗುವಂಥ ಜಾಗ. ಅಜ್ಜಿಯ ಹೊಲಮನೆಯಲ್ಲಿ ಬ್ಲೂಸ್ ರೆಕಾರ್ಡ್ ಕೇಳುತ್ತಾ ಬೆಳೆದವಳು. ಆಮೇಲೆ ಅಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ಸಂಸಾರ ಪೆನ್ಸಿಲ್ವೇನಿಯಾಕ್ಕೆ ಹೋಯಿತು.

ಆಲ್ಬಮ್ ಮುಖಪುಟ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಬೇರೆ ಗ್ರಹದಿಂದ ಇಳಿದವಳ ಹಾಗೆ ವೇಷ, ದೊಡ್ಡ ಗುಂಗುರು ಕೂದಲು, ಉದ್ದ ಬೂಟು. ಆ ವೇಷ ನೋಡಿ ಇವಳನ್ನು 'ಬೇರೆ ಥರದವಳು' ಅಂತ ದೂರ ಇಟ್ಟರು. ಅವಳು ಅದನ್ನೇ ಹಾಡು ಮಾಡಿ, ಒಳಗೆ ತನ್ನ ಹಟ್ಟಿ, ಹೊಲ, ಮುತ್ತಜ್ಜಿಯನ್ನು ತುಂಬಿಬಿಟ್ಟಳು. ನನಗೆ ಈ ಆಲ್ಬಮ್ ಹಿಡಿಸಿದ್ದೇ ಇದಕ್ಕೆ. ಎಲ್ಲರೂ ಗಂಡನ ಹೆಸರು ಹೇಳುವಾಗ ಇವಳು ಮುತ್ತಜ್ಜಿಯ ಸುದ್ದಿ ತೆಗೆಯುತ್ತಾಳೆ.

ಇನ್ನೊಂದು ವಿಷಯ. ಇದನ್ನು ಪ್ರೊಡ್ಯೂಸ್ ಮಾಡಿದ್ದೂ ಬೆಟ್ಟಿಯೇ. ಮೊದಲ ಆಲ್ಬಮ್ಮನ್ನು ಸ್ಲೈ ಸ್ಟೋನ್ ತಂಡದಲ್ಲಿದ್ದ ಡ್ರಮ್ಮರ್ ಗ್ರೆಗ್ ಎರಿಕೊ ಮಾಡಿಸಿದ್ದ, ಬೇಸ್ (ತಗ್ಗು ದನಿಯ ಗಿಟಾರ್) ನುಡಿಸಿದ್ದು ಅದೇ ತಂಡದಲ್ಲಿದ್ದ ಲ್ಯಾರಿ ಗ್ರಹಾಮ್. ಮಸ್ತ್ ಆಲ್ಬಮ್ ಅದು, ವಿಮರ್ಶಕರು ಜಾಸ್ತಿ ಹೊಗಳುವುದೂ ಅದನ್ನೇ. ಆದರೆ ಎರಡನೆಯದರಲ್ಲಿ ಹಾಡು, ಬರಹ, ಮೇಲುಸ್ತುವಾರಿ ಎಲ್ಲ ಅವಳದೇ. 1974ರಲ್ಲಿ ಫಂಕ್ ಹಾಡುವ ಹೆಂಗಸೊಬ್ಬಳು ಸ್ಟುಡಿಯೋದಲ್ಲಿ ಹೀಗೆ ಯಜಮಾನಿಕೆ ಮಾಡುವುದು ಕಡಿಮೆ ಇತ್ತು.

ದನಿ ಬಗ್ಗೆ ಹೇಳಿಬಿಡುತ್ತೇನೆ. ನಮ್ಮದು ಹಿಂದೂಸ್ತಾನಿ ಕೇಳಿ ಬೆಳೆದ ಸೀಮೆ. ಸ್ವರ ಕೂದಲೆಳೆಯಷ್ಟು ಜಾರಿದರೂ ಹಿರಿಯರ ಮುಖ ಹುಳ್ಳಗಾಗುತ್ತದೆ. ಆ ಅಳತೆಯಲ್ಲಿ ಬೆಟ್ಟಿ ದೊಡ್ಡ ಗಾಯಕಿ ಅಲ್ಲವೇ ಅಲ್ಲ. ಗುರುಗುಟ್ಟುತ್ತಾಳೆ, ಕಿರುಚುತ್ತಾಳೆ, ಕೆಲವು ಕಡೆ ಬರೀ ಉಸಿರು. ಆದರೆ ತಾಳದ ಮೇಲೆ ಅವಳು ಕೂರುವ ರೀತಿ ನೋಡಬೇಕು. ಬೇಸ್ ಒಂದು ಕಡೆ ಎಳೆಯುತ್ತದೆ, ಅವಳು ಒಂದು ಕೂದಲು ಹಿಂದೆ ನಿಂತು ಮಾತು ಎಸೆಯುತ್ತಾಳೆ.

ಬೇಸ್ ಅಂದೆನಲ್ಲ. ಹಂಗಾಮು ಶುರುವಾದರೆ ನಮ್ಮ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬರುವುದು ಕಾಣುವ ಮುಂಚೆ ಎದೆಗೆ ಗೊತ್ತಾಗುತ್ತದೆ. ಆ ಡಬ್ಬಿ ಸ್ಪೀಕರು, ಆ ಜನಪದ ಹಾಡು, ಆ ಗುದ್ದು. ಬಯ್ಯುವವರು ಬಯ್ಯಲಿ, ಅದಕ್ಕೆ ಒಗ್ಗಿದ ಕಿವಿಗೆ ಫಂಕ್ ಏನೂ ಪರಕೀಯ ಅಲ್ಲ. ಗಿಟಾರು, ಕೀಬೋರ್ಡು ಎಲ್ಲ ತಾಳವಾದ್ಯದ ಕೆಲಸ ಮಾಡುತ್ತವೆ. ರಾಗಕ್ಕಿಂತ ಹೆಜ್ಜೆ ಮುಖ್ಯ.

ಆಗ ಇದು ಓಡಲಿಲ್ಲ. ಅವಳ ಹಾಡುಗಳಲ್ಲಿ ಹೆಂಗಸಿನ ಆಸೆ ಬಿಚ್ಚಾಗಿತ್ತು. ರೇಡಿಯೋದವರು ಹಾಕಲು ಹಿಂಜರಿದರು. ಕರಿಯರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯೇ ಅವಳ ಹಾಡಿಗೆ ಅಡ್ಡ ಬಂತು. ಗಂಡಸರು ಇದಕ್ಕಿಂತ ಒಂದು ಕೈ ಮೇಲೆ ಹಾಡುತ್ತಿದ್ದ ಕಾಲ, ಅವರಿಗೆ ಯಾರೂ ಏನೂ ಅನ್ನಲಿಲ್ಲ! 1975ರಲ್ಲಿ ಐಲ್ಯಾಂಡ್ ಕಂಪನಿಯಿಂದ ಮೂರನೆಯದು ಬಂತು. ನಂತರದ್ದು ರೆಕಾರ್ಡ್ ಆಗಿಯೂ ಕಪಾಟಿನಲ್ಲೇ ಉಳಿದು 2009ರಲ್ಲಿ ಹೊರಬಂತು. ಅವಳು ಮಾತ್ರ ಎಂದೋ ಸಂಗೀತ ಬಿಟ್ಟಾಗಿತ್ತು. 2007ರಲ್ಲಿ ಲೈಟ್ ಇನ್ ದ ಅಟಿಕ್ ಅನ್ನೋ ಕಂಪನಿ ಮೊದಲೆರಡು ಆಲ್ಬಮ್ ಮತ್ತೆ ಅಚ್ಚು ಹಾಕಿದ ಮೇಲೆ ಹೊಸ ಹುಡುಗರು ಹುಡುಕಲು ಶುರುಮಾಡಿದರು. 2022ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಕೇಳುವವರು 'ಶೂ-ಬಿ-ಡೂಪ್ ಆಂಡ್ ಕಾಪ್ ಹಿಮ್' ಇಂದ ಶುರುಮಾಡಿ, ಅದೇ ಮೊದಲ ಹಾಡು. 'ಹಿ ವಾಸ್ ಎ ಬಿಗ್ ಫ್ರೀಕ್' ಮನೆಮಂದಿ ಇದ್ದಾಗ ಬೇಡ. ಕೊನೆಯ 'ಸ್ಪೆಷಲ್ ಪೀಪಲ್' ನನಗೆ ಸ್ವಲ್ಪ ಸಪ್ಪೆ. ಫೋನಿನ ಸ್ಪೀಕರ್‌ನಲ್ಲಂತೂ ಕೇಳಲೇಬೇಡಿ, ಅರ್ಧ ಆಲ್ಬಮ್ ಕೇಳಿಸುವುದೇ ಇಲ್ಲ.