ನೂರು ಕೋಟಿ ಪಿಕ್ಸೆಲ್‌ಗೆ ಪೇಂಟಿಂಗ್ ಫಿಲ್ಟರ್: ಕೆಲಸ ಎಲ್ಲಿಗೆ ಬಂತು

ಒಂದು ಭಾರೀ ಪನೋರಮಾ ಫೋಟೋವನ್ನು ಟೈಲ್ ಎಂಬ ಚೌಕ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಪೇಂಟಿಂಗ್ ಫಿಲ್ಟರ್ ಹಾಕಿ ಜೋಡಿಸುತ್ತಿದ್ದೇನೆ. ಆ ತುಂಡುಗಳ ನಡುವೆ ಕಾಣುತ್ತಿದ್ದ ಗೆರೆ ಹೋಯಿತು. ಈ ಸಲದ ಮುಖ್ಯ ಸುದ್ದಿ ಅದೇ. ಆಯಿಲ್ ಪೇಂಟ್ ಥರ ಕಾಣಿಸುವ ಫಿಲ್ಟರ್ ಈಗ ಇಡೀ ಪನೋರಮಾದ ಮೇಲೆ ಈ ತುದಿಯಿಂದ ಆ ತುದಿವರೆಗೂ ಓಡುತ್ತದೆ, ರ‍್ಯಾಮ್ ಕೂಡ ಹದ್ದುಬಸ್ತಿನಲ್ಲಿರುತ್ತದೆ. ಸ್ಟೈಲ್ ಟ್ರಾನ್ಸ್‌ಫರ್ (ಒಂದು ಪೇಂಟಿಂಗ್‌ನ ಶೈಲಿಯನ್ನು ನ್ಯೂರಲ್ ನೆಟ್‌ವರ್ಕ್ ಮೂಲಕ ಫೋಟೋಗೆ ತರುವುದು) ಮಾತ್ರ ಇನ್ನೂ ಹಟ ಮಾಡುತ್ತಿದೆ. ಅದರ ವಿಚಾರ ಕೊನೆಗೆ.

ಮೊದಲು ಗಾತ್ರದ ಲೆಕ್ಕ, ಯಾಕಂದ್ರೆ ತಲೆನೋವೆಲ್ಲ ಶುರುವಾಗುವುದೇ ಅಲ್ಲಿಂದ. ಚಿತ್ರ 40,000 × 25,000 ಪಿಕ್ಸೆಲ್. ಕೆಳಗೆ ಹುಲ್ಲು, ನಡುವೆ ಬೆಟ್ಟದ ಸಾಲು, ಮೇಲರ್ಧ ಬರೀ ಆಕಾಶ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಒಂದು ಬೈಟ್ ಅಂದುಕೊಂಡರೂ 3 ಜಿಬಿ ಆಯಿತು. ಆದರೆ ಬಹಳಷ್ಟು ಫಿಲ್ಟರ್‌ಗಳು ಒಳಗೆ ಲೆಕ್ಕ ಮಾಡುವುದು ಬಣ್ಣಕ್ಕೆ ನಾಲ್ಕು ಬೈಟ್ ಹಿಡಿಯುವ ದಶಮಾಂಶ ಅಂಕಿಯಲ್ಲಿ, ಅಂದರೆ 32 ಬಿಟ್ ಫ್ಲೋಟ್‌ನಲ್ಲಿ. ಅಲ್ಲಿಗೆ 12 ಜಿಬಿ. ನಡುವೆ ಅದು ಒಂದೆರಡು ಕಾಪಿ ಮಾಡಿಕೊಂಡರೆ ಮುಗೀತು, ಮಷಿನ್ ಡಿಸ್ಕ್ ಕೆರೆಯುತ್ತ ಕೂರುತ್ತದೆ. ಫೈಲ್ ಫಾರ್ಮ್ಯಾಟ್‌ಗಳಿಗೂ ಒಂದೊಂದು ಗಡಿ ಇದೆ. ವೆಬ್‌ಪಿ ಒಂದು ಬದಿಗೆ 16,383 ಪಿಕ್ಸೆಲ್‌ಗೆ ನಿಲ್ಲುತ್ತದೆ, ಪಿಎಸ್‌ಡಿ 30,000ಕ್ಕೆ, ಜೆಪೆಗ್ 65,535ಕ್ಕೆ. ಮಾಮೂಲಿ ಟಿಫ್ 4 ಜಿಬಿ ದಾಟುವುದಿಲ್ಲ. ಹಾಗಾಗಿ ನಡುವಿನ ಫೈಲ್‌ಗಳೆಲ್ಲ ಬಿಗ್‌ಟಿಫ್ (ಆ ಗಡಿ ಇಲ್ಲದ ಟಿಫ್), ಅದರಲ್ಲೂ ಚೌಕ ಚೌಕವಾಗಿ ಟೈಲ್ ಮಾಡಿದ್ದು. ಸಾಲು ಸಾಲಾಗಿ ಕಂಪ್ರೆಸ್ ಆದ ಫೈಲ್‌ನಿಂದ ಒಂದು ಸಣ್ಣ ಚೌಕ ಬೇಕೆಂದರೂ ಪೂರ್ತಿ ಅಗಲದ ಸಾಲುಗಳನ್ನು ಬಿಚ್ಚಬೇಕು. ಟೈಲ್ ಆಗಿದ್ದರೆ ಬೇಕಾದ ಚೌಕ ಅಷ್ಟೇ ಸಾಕು.

ಓದುವುದು, ಬರೆಯುವುದು ಲಿಬ್‌ವಿಪ್ಸ್ ಎಂಬ ಇಮೇಜ್ ಲೈಬ್ರರಿಯ ಪಾಲಿಗೆ. ಅದು ಕೇಳಿದ ಭಾಗವನ್ನು ಮಾತ್ರ ತಂದು ಕೊಡುತ್ತದೆ. ಇದರ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ, ಸುಮ್ನೆ ಕೆಲಸ ಮಾಡುತ್ತದೆ.

ಫಿಲ್ಟರ್ ಯಾವುದು ಅಂದರೆ ಕುವಹಾರ. 1976ರದ್ದು, ಹುಟ್ಟಿದ್ದು ವೈದ್ಯಕೀಯ ಚಿತ್ರಗಳ ನಾಯ್ಸ್ ತೆಗೆಯುವುದಕ್ಕೆ, ಈಗ ನನ್ನಂಥವರ ಕೈಗೆ ಸಿಕ್ಕಿದೆ. ಪ್ರತಿ ಪಿಕ್ಸೆಲ್ ಸುತ್ತ ಒಂದು ಚೌಕ ತೆಗೆದುಕೊಂಡು ಅದನ್ನು ನಾಲ್ಕು ಮೂಲೆಗಳಾಗಿ ನೋಡುತ್ತದೆ. ಯಾವ ಮೂಲೆಯಲ್ಲಿ ಬಣ್ಣದ ಏರಿಳಿತ ಕಡಿಮೆಯೋ ಆ ಮೂಲೆಯ ಸರಾಸರಿಯನ್ನೇ ಪಿಕ್ಸೆಲ್‌ಗೆ ಹಚ್ಚುತ್ತದೆ. ಕೊಂಬೆ ಆಕಾಶಕ್ಕೆ ತಾಗುವ ಜಾಗವನ್ನು 100% ಝೂಮ್‌ನಲ್ಲಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೊಂಬೆಯ ಒಳಗಿನ ಪಿಕ್ಸೆಲ್ ಕೊಂಬೆಯ ಕಂದು ಬಣ್ಣವನ್ನೇ ತೆಗೆದುಕೊಳ್ಳುತ್ತದೆ, ಒಂದು ಪಿಕ್ಸೆಲ್ ಆಚೆ ಇರುವುದು ಆಕಾಶದ ನೀಲಿಯನ್ನು. ಎರಡೂ ಬೆರೆಯುವುದೇ ಇಲ್ಲ. ತೊಗಟೆಯ ಸಣ್ಣ ಬಿರುಕುಗಳೆಲ್ಲ ಹೋಗಿ ಚಪ್ಪಟೆ ಬ್ರಶ್‌ನಲ್ಲಿ ಒಂದೇ ಸಲ ಎಳೆದ ಹಾಗೆ ಕಾಣುತ್ತದೆ.

ಇಂಥ ಫಿಲ್ಟರ್ ತನ್ನ ಸುತ್ತಲಿನ ಸ್ವಲ್ಪ ಜಾಗ ಬಿಟ್ಟು ಬೇರೇನೂ ನೋಡುವುದಿಲ್ಲ, ಆದ್ದರಿಂದ ತುಂಡು ಮಾಡುವುದು ಸುಲಭ. ರೇಡಿಯಸ್, ಅಂದರೆ ಫಿಲ್ಟರ್ ಪ್ರತಿ ಕಡೆ ನೋಡುವ ದೂರ, 12 ಆದರೆ ಟೈಲ್‌ನ ನಾಲ್ಕೂ ಕಡೆ 12 ಪಿಕ್ಸೆಲ್ ಜಾಸ್ತಿ ಓದಿ, ಕೆಲಸ ಆದ ಮೇಲೆ ಕತ್ತರಿಸಿ ಬಿಸಾಕಬೇಕು. ಒಂದರ ಹಿಂದೆ ಒಂದು ಫಿಲ್ಟರ್ ಇದ್ದರೆ ಎಲ್ಲವನ್ನೂ ಕೂಡಿಸಬೇಕು. ನನ್ನದರಲ್ಲಿ ಮೊದಲು ನಯ ಮಾಡುವುದಕ್ಕೆ 6, ಕುವಹಾರಕ್ಕೆ 12, ಕೊನೆಗೆ ಶಾರ್ಪನ್‌ಗೆ 3, ಒಟ್ಟು 21. ಎಷ್ಟೋ ಕಡೆ ಟೈಲ್‌ಗಳನ್ನು ಒಂದರ ಮೇಲೊಂದು ಹೊದಿಸಿ ಅಂಚು ಬೆರೆಸಿ ಎಂಬ ಸಲಹೆ ಸಿಗುತ್ತದೆ. ಈ ಜಾತಿಯ ಫಿಲ್ಟರ್‌ಗೆ ಅದು ಬೇಡವೇ ಬೇಡ. ಲೆಕ್ಕ ಸರಿ ಇದ್ದರೆ ಬೆರೆಸುವುದಕ್ಕೆ ವ್ಯತ್ಯಾಸವೇ ಇರುವುದಿಲ್ಲ, ಅಲ್ವಾ? ಪರೀಕ್ಷೆಯೂ ಸುಲಭ. ಒಂದು ಸಣ್ಣ ಚಿತ್ರಕ್ಕೆ ಒಮ್ಮೆ ಇಡಿಯಾಗಿ, ಒಮ್ಮೆ ತುಂಡು ತುಂಡಾಗಿ ಫಿಲ್ಟರ್ ಹಾಕಿ, ಒಂದರಿಂದ ಒಂದನ್ನು ಕಳೆಯುವುದು. ಪ್ರತಿ ಪಿಕ್ಸೆಲ್ 0 ಬರಬೇಕು, ಸುಮಾರು 0 ಅಲ್ಲ. ಈಗ ಬರುತ್ತಿದೆ.

ವೇಗಕ್ಕೆ ಇಂಟಿಗ್ರಲ್ ಇಮೇಜ್ ಹಾಕಿದ್ದೇನೆ, ಅಂದರೆ ಪ್ರತಿ ಜಾಗಕ್ಕೂ ಅದರ ಮೇಲಿನ ಮತ್ತು ಎಡಗಡೆಯ ಬಣ್ಣಗಳ ಮೊತ್ತವನ್ನು ಮೊದಲೇ ಬರೆದಿಟ್ಟುಕೊಳ್ಳುವುದು. ಆಮೇಲೆ ಚೌಕ ಎಷ್ಟೇ ದೊಡ್ಡದಿರಲಿ, ನಾಲ್ಕು ಅಂಕಿ ಓದಿದರೆ ಸರಾಸರಿ ಸಿಗುತ್ತದೆ. ದೊಡ್ಡ ಚಿತ್ರದಲ್ಲಿ ಇದಕ್ಕೊಂದು ಕುತ್ತು ಇದೆ. ಇಡೀ ಚಿತ್ರದ ಮೊತ್ತ 25,500 ಕೋಟಿವರೆಗೆ ಹೋಗಬಹುದು, 32 ಬಿಟ್ ಪೂರ್ಣಾಂಕ ಹಿಡಿಯುವುದು ಸುಮಾರು 429 ಕೋಟಿ. ಫ್ಲೋಟ್ ಇನ್ನೂ ಮೋಸ, 1.67 ಕೋಟಿ ದಾಟಿದರೆ ಒಂದೊಂದಾಗಿ ಎಣಿಸುವುದು ಅದರ ಕೈಲಾಗುವುದಿಲ್ಲ. ಆದರೆ 2,048ರ ಟೈಲ್, ಸುತ್ತಲಿನ 21 ಸೇರಿಸಿದರೂ, 8 ಬಿಟ್ ಬಣ್ಣದಲ್ಲಿ ಹೆಚ್ಚೆಂದರೆ 111 ಕೋಟಿ. ಟೈಲ್ ಮಾಡಿದ್ದಕ್ಕೆ ಈ ಲಾಭ ಪುಕ್ಕಟೆಯಾಗಿ ಬಂತು. ಏರಿಳಿತ ಅಳೆಯಲು ಬೇಕಾದ ವರ್ಗಗಳ (ಬಣ್ಣದ ಅಂಕಿಯನ್ನು ಅದರಿಂದಲೇ ಗುಣಿಸಿದ್ದು) ಮೊತ್ತಕ್ಕೆ ಮಾತ್ರ 64 ಬಿಟ್ ಬೇಕೇ ಬೇಕು.

ಇನ್ನು ಇಡೀ ಚಿತ್ರ ನೋಡಿ ತೀರ್ಮಾನ ಮಾಡುವ ಹಂತಗಳು. ಗೆರೆಗಳು ಹುಟ್ಟುತ್ತಿದ್ದದ್ದು ಇಲ್ಲಿ. ಆಟೋ ಕಾಂಟ್ರಾಸ್ಟ್, ಬಣ್ಣಗಳನ್ನು 24ಕ್ಕೆ ಇಳಿಸುವುದು, ಇವನ್ನೆಲ್ಲ ಪ್ರತಿ ಟೈಲ್‌ನ ಪಾಡಿಗೆ ಬಿಟ್ಟರೆ ಆಕಾಶದ ಟೈಲ್ ಒಂದು ನೀಲಿ ಆರಿಸುತ್ತದೆ, ಪಕ್ಕದ್ದು ಇನ್ನೊಂದು ನೀಲಿ. ಈಗ ಇವೆಲ್ಲ ಒಂದು ಥಂಬ್‌ನೇಲ್ ಮೇಲೆ ಒಂದೇ ಸಲ ತೀರ್ಮಾನವಾಗಿ ಸಣ್ಣ ಫೈಲ್‌ಗೆ ಹೋಗುತ್ತವೆ, ಟೈಲ್‌ಗಳು ಅದನ್ನು ಓದಿಕೊಳ್ಳುತ್ತವೆ. ಬ್ರಶ್‌ನ ತರಿಗೆ ಬೇಕಾದ ರ‍್ಯಾಂಡಮ್ ಅಂಕಿಯೂ ಅಷ್ಟೇ. ಟೈಲ್‌ಗೊಂದು ಸೀಡ್ (ರ‍್ಯಾಂಡಮ್ ಸಾಲು ಶುರುವಾಗುವ ಅಂಕಿ) ಕೊಡುವ ಬದಲು ಪಿಕ್ಸೆಲ್ ಇಡೀ ಚಿತ್ರದಲ್ಲಿ ಎಲ್ಲಿದೆ ಅನ್ನುವುದನ್ನೇ ಹ್ಯಾಶ್ ಮಾಡುತ್ತೇನೆ, ಅಂದರೆ ಆ ಜಾಗದಿಂದಲೇ ಅಂಕಿ ಹುಟ್ಟಿಸುತ್ತೇನೆ. ಟೈಲ್ ಗಾತ್ರ ಬದಲಾಯಿಸಿದರೂ ತರಿ ಜಾಗ ಬಿಟ್ಟು ಕದಲುವುದಿಲ್ಲ.

ಗೆರೆ ಹೋದ ಮೇಲೆ ಎದುರಾದದ್ದು ಅಳತೆಯ ಪ್ರಶ್ನೆ. 1,200 ಪಿಕ್ಸೆಲ್ ಅಗಲದ ಫೋಟೋದಲ್ಲಿ 12ರ ರೇಡಿಯಸ್ ಅಂದರೆ ಅಗಲದ 1%, ನೋಡಿದ ಕೂಡಲೇ ಪೇಂಟಿಂಗ್ ಅನಿಸುತ್ತದೆ. 40,000ದಲ್ಲಿ ಅದು 0.03%. ಪರದೆಗೆ ಹೊಂದಿಸಿ ನೋಡಿದರೆ ಅದು ಬರೀ ಫೋಟೋ, ಫಿಲ್ಟರ್ ಹಾಕಿದ್ದೇ ಗೊತ್ತಾಗುವುದಿಲ್ಲ! ಅದೇ ನೋಟ ಬೇಕಾದರೆ ರೇಡಿಯಸ್ 400 ಆಗಬೇಕು, ಆಗ ಹತ್ತಿರ ಹೋದರೆ ಬರೀ ಕಲೆಗಳು. ಹಾಗಾಗಿ ಎರಡು ಪದರ ಮಾಡಿದೆ. ಚಿತ್ರವನ್ನು 1/16ಕ್ಕೆ ಕುಗ್ಗಿಸಿ ದಪ್ಪ ಬ್ರಶ್ ಅಲ್ಲಿ, ಪೂರ್ತಿ ಗಾತ್ರದಲ್ಲಿ ಸಣ್ಣ ಬ್ರಶ್. ಕುಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿ ಅದರಿಂದ ಬಣ್ಣದ ದೊಡ್ಡ ಹರವು, ಪೂರ್ತಿ ಗಾತ್ರದ್ದರಿಂದ ಸಣ್ಣ ವಿವರ. ಸುಮ್ನೆ ಹಿಗ್ಗಿಸಿದರೆ ಬೆಟ್ಟದ ನೆತ್ತಿಯ ಉದ್ದಕ್ಕೂ ಮಸುಕು ಹೊಳಪು ನಿಲ್ಲುತ್ತದೆ, ಬೆಟ್ಟದ ಹಸಿರು ಮೋಡಕ್ಕೆ ಸೋರಿದಂತೆ. ಅದಕ್ಕೆ ಜಾಯಿಂಟ್ ಬೈಲ್ಯಾಟರಲ್ ಅಪ್‌ಸ್ಯಾಂಪ್ಲಿಂಗ್ ಹಾಕಿದೆ. ಹಿಗ್ಗಿಸುವಾಗ ಅದು ಮೂಲ ಚಿತ್ರದ ಅಂಚುಗಳನ್ನು ನೋಡಿಕೊಂಡು ಬಣ್ಣ ಹಂಚುತ್ತದೆ. ನಿಧಾನ, ಆದರೆ ನೆತ್ತಿ ಚೊಕ್ಕವಾಯಿತು.

ಕೊನೆಯದು ಸ್ಟೈಲ್ ಟ್ರಾನ್ಸ್‌ಫರ್. 2015ರ ಮೂಲ ವಿಧಾನ ಚಿತ್ರವನ್ನೇ ಮತ್ತೆ ಮತ್ತೆ ತಿದ್ದುತ್ತ ಹೋಗುತ್ತದೆ, ಈ ಗಾತ್ರಕ್ಕೆ ಅದರ ಆಸೆ ಬಿಟ್ಟಿದ್ದೇನೆ. 2016ರ ನಂತರ ಬಂದ, ಒಂದೇ ಸಲಕ್ಕೆ ಮುಗಿಸುವ ನೆಟ್‌ವರ್ಕ್ ಹಿಡಿದಿದ್ದೇನೆ. ಇದರಲ್ಲೂ ಅದೇ ಕಾಯಿಲೆ, ಒಳಗೆ ಬಚ್ಚಿಟ್ಟುಕೊಂಡಿದೆ ಅಷ್ಟೇ. ಇನ್‌ಸ್ಟನ್ಸ್ ನಾರ್ಮಲೈಸೇಶನ್ ಎಂಬ ಹಂತ ಪ್ರತಿ ಪದರದಲ್ಲೂ ತನಗೆ ಕೊಟ್ಟ ಚಿತ್ರದ ಸರಾಸರಿ, ಏರಿಳಿತ ಲೆಕ್ಕ ಹಾಕಿ ಅದಕ್ಕೆ ತಕ್ಕಂತೆ ಎಳೆಯುತ್ತದೆ. ಬರೀ ಆಕಾಶದ ಟೈಲ್ ಕೊಟ್ಟರೆ ಏರಿಳಿತವೇ ಇಲ್ಲವಲ್ಲ, ಇರುವ ಚೂರು ನಾಯ್ಸನ್ನೇ ಎಳೆದು ಖಾಲಿ ಆಕಾಶದ ತುಂಬ ಸುಳಿ ಸುತ್ತಿಸುತ್ತದೆ. ಸುತ್ತ ಎಷ್ಟು ಪಿಕ್ಸೆಲ್ ಜಾಸ್ತಿ ಕೊಟ್ಟರೂ ಇದು ಪೂರ್ತಿ ಹೋಗುವುದಿಲ್ಲ. ಮದ್ದು ಮಾತ್ರ ಹಳೆಯದೇ: ಥಂಬ್‌ನೇಲನ್ನು ಮೊದಲು ನೆಟ್‌ವರ್ಕ್‌ಗೆ ಹಾಕಿ, ಪ್ರತಿ ಪದರದ ಅಂಕಿಗಳನ್ನು ಎತ್ತಿಟ್ಟುಕೊಂಡು, ಎಲ್ಲ ಟೈಲ್‌ಗೂ ಅವನ್ನೇ ಬಳಸುವುದು. ಬಣ್ಣ ಹೊಂದಿತು, ಸುಳಿ ಹೋಯಿತು. ನೆಟ್‌ವರ್ಕ್ ಎರಡು ಸಲ ಅರ್ಧಕ್ಕೆ ಕುಗ್ಗಿಸುವುದರಿಂದ ಟೈಲ್ ಶುರುವಾಗುವ ಜಾಗ 4ರ ಗುಣಕದಲ್ಲೇ ಇರಬೇಕು, ಅದನ್ನೂ ಕಟ್ಟಿದ್ದಾಯಿತು.

ಬಾಕಿ ಇರುವುದು ಬ್ರಶ್ ಗಾತ್ರ. ನೆಟ್‌ವರ್ಕ್ ಕಲಿತ ಗೀಟು ಇಷ್ಟೇ ಪಿಕ್ಸೆಲ್ ಎಂದು ನಿಗದಿಯಾಗಿಬಿಟ್ಟಿದೆ, 40,000ದಲ್ಲಿ ಅದು ಬರೀ ನವುರು ನೇಯ್ಗೆಯಾಗಿ ಕಾಣುತ್ತದೆ. 1/8 ಗಾತ್ರದಲ್ಲಿ ಓಡಿಸಿ ಕುವಹಾರದ ಪದರದ ಜೊತೆ ಸೇರಿಸುವ ಕೋಡ್ ಅರ್ಧ ಬರೆದಿದ್ದೇನೆ. ಹುಲ್ಲಿನ ಮೇಲೆ ಚೆನ್ನಾಗಿ ಕೂರುತ್ತದೆ, ಮೋಡದ ಮೇಲೆ ಇನ್ನೂ ಭಾರ ಅನಿಸುತ್ತಿದೆ. ಮೋಡಕ್ಕೆ ಬೇರೆ ಮಾಸ್ಕ್ (ಆ ಜಾಗವನ್ನಷ್ಟೇ ಬೇರ್ಪಡಿಸುವ ಪದರ) ಬೇಕೋ, ಬರೀ ಪ್ರಮಾಣ ಇಳಿಸಿದರೆ ಸಾಕೋ, ಎರಡನ್ನೂ ಓಡಿಸಿ ನೋಡಬೇಕು.