ಆಟಕ್ಕುಂಟು ಲೆಕ್ಕಕ್ಕಿಲ್ಲ: ಎಲ್ಲ ಸ್ಕಿಲ್‌ಗಳನ್ನೂ ಸಮ ಮಾಡಿಬಿಡಬಾರದಾ?

ಬಿಡುವು ಸಿಕ್ಕಾಗಲೆಲ್ಲ ನಾನು ಸಣ್ಣ ಆಕ್ಷನ್ ಆರ್‌ಪಿಜಿ ಆಟಗಳನ್ನು ಮಾಡುತ್ತೇನೆ. ಹೊಡೆದಾಡು, ಲೆವೆಲ್ ಏರು, ಸಿಕ್ಕಿದ ಪಾಯಿಂಟನ್ನು ಸ್ಕಿಲ್ ಟ್ರೀಯಲ್ಲಿ (ಕೊಂಬೆಗಳ ಹಾಗೆ ಒಂದರ ಮೇಲೊಂದು ತೆರೆಯುವ ಕೌಶಲಗಳ ಪಟ್ಟಿ) ಹಾಕು, ಮತ್ತೆ ಹೊಡೆದಾಡು, ಈ ಜಾತಿಯ ಆಟಗಳು. ಇದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. "ಯಾವ ಆಟ ತೆಗೆದರೂ ಎರಡೋ ಮೂರೋ ಸ್ಕಿಲ್ ಮಾತ್ರ ಕೆಲಸಕ್ಕೆ ಬರುತ್ತವೆ. ಉಳಿದದ್ದೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ. ಎಲ್ಲವನ್ನೂ ಒಂದೇ ಬಲಕ್ಕೆ ತಂದುಬಿಟ್ಟರೆ ಮುಗೀತಲ್ವಾ?"

ಮುಗಿಯಲ್ಲ. ನಾನೇ ಮಾಡಿ ನೋಡಿದ್ದೇನೆ.

ನನ್ನ ಮೊದಲ ಆಟದಲ್ಲಿ ಎಂಟು ಹೊಡೆತಗಳಿದ್ದವು. ಬಿಲ್ಲು, ಈಟಿ, ಸುತ್ತಿಗೆ, ಬೆಂಕಿಯ ವೃತ್ತ, ಹೀಗೆ. ಸ್ಪ್ರೆಡ್‌ಶೀಟ್ ಹಾಕಿಕೊಂಡು ಎಂಟಕ್ಕೂ ಸೆಕೆಂಡಿಗೆ ಸರಿಯಾಗಿ 100 ಡ್ಯಾಮೇಜ್ ಬರುವ ಹಾಗೆ ಕೂರಿಸಿದೆ. ತುಂಬಾ ಹೆಮ್ಮೆಯಾಗಿತ್ತು. ಗೆಳೆಯರಿಗೆ ಆಡಲು ಕೊಟ್ಟೆ. ಎಲ್ಲರೂ ಬಿಲ್ಲು ಹಿಡಿದರು. ಯಾಕೆ ಹಿಡಿಯಲ್ಲ? ದೂರ ನಿಂತು ಹೊಡೆದರೆ ಏಟು ತಿನ್ನುವ ಗೋಜೇ ಇಲ್ಲ. ಸುತ್ತಿಗೆ ಎತ್ತಿ ಬೀಸಲು 1.2 ಸೆಕೆಂಡ್ ಬೇಕು, ಅಷ್ಟರಲ್ಲಿ ಶತ್ರು ಎರಡು ಸಲ ಕಚ್ಚಿರುತ್ತಾನೆ. ಬೆಂಕಿಯ ವೃತ್ತ ಹಾಕಿದರೆ ಅವನು ಆಚೆ ನಡೆದುಬಿಡುತ್ತಾನೆ. ನನ್ನ ಶೀಟಿನಲ್ಲಿ ಮಾತ್ರ ಶತ್ರುಗಳೆಲ್ಲ ಕಂಬದ ಹಾಗೆ ನಿಂತಿದ್ದರು.

ಸರದಿಯ ಪ್ರಕಾರ ಆಡುವ ಆಟದಲ್ಲಿ ಲೆಕ್ಕ ಸ್ವಲ್ಪ ಮಟ್ಟಿಗೆ ಶೀಟಿನಲ್ಲೇ ಸಿಗಬಹುದು. ಆಕ್ಷನ್ ಆಟದಲ್ಲಿ ಸಿಗುವುದಿಲ್ಲ. ದೂರ, ಬೀಸುವ ಹೊತ್ತು, ಒಂದೇ ಏಟಿಗೆ ಎಷ್ಟು ಜನ ಸಿಕ್ಕುತ್ತಾರೆ, ಹೊಡೆಯುತ್ತಾ ಓಡಬಹುದಾ, ಇವೆಲ್ಲ ಬಲವೇ. ಅಂಕಿಯಲ್ಲಿ ಕಾಣಿಸದ ಬಲ.

ಹಾಗಾಗಿ ಈಗ ನಾನು ಬೇರೆ ಒಂದನ್ನು ನೋಡುತ್ತೇನೆ. ಹೊಸ ಪಾಯಿಂಟ್ ಸಿಕ್ಕಾಗ ಆಡುವವರ ಕೈ ಒಂದು ಕ್ಷಣ ತಡೆಯುತ್ತದಾ? ನೇರ ಒಂದೇ ಕಡೆ ಹೋದರೆ ಆ ಸ್ಕಿಲ್ ಅತಿಯಾಗಿದೆ. ಸುಮ್ನೆ ಎಲ್ಲೋ ಒಂದು ಕಡೆ ಒತ್ತಿ ಮುಂದೆ ಹೋದರೆ ಎಲ್ಲ ಒಂದೇ ಥರ ಇವೆ, ಯೋಚಿಸಲು ಏನೂ ಇಲ್ಲ. ಸಮ ಮಾಡಿದರೆ ಆಗುವ ತೊಂದರೆ ಇದೇ. "ಮುಂದಿನ ಗುಹೆಯಲ್ಲಿ ಗುರಾಣಿ ಹಿಡಿದವರು ಜಾಸ್ತಿ, ಸುತ್ತಿಗೆ ಬೇಕು. ಆದರೆ ಕೊನೆಗೆ ಬರುವ ದೊಡ್ಡ ಶತ್ರು, ಬಾಸ್, ಹಾರಾಡುತ್ತಾನಲ್ಲ" ಎಂದು ಗೊಣಗುತ್ತಾ ಕೂತರೆ ಟ್ರೀ ಸರಿಯಾಗಿದೆ.

ಈ ಕೈ ತಡೆಯದೆ ಹೋಗುವುದನ್ನು ಡಿಯಾಬ್ಲೊ 2ರ ಕಥೆಯಲ್ಲಿ ಚೆನ್ನಾಗಿ ನೋಡಬಹುದು. 2000ದಲ್ಲಿ ಬಂದ ಆಟ ಅದು. ಪ್ರತಿ ಪಾತ್ರಕ್ಕೂ 30 ಸ್ಕಿಲ್‌ಗಳು, ಮೂರು ಗುಂಪಿನಲ್ಲಿ. ಅವು 1, 6, 12, 18, 24, 30ನೇ ಲೆವೆಲ್‌ಗಳಲ್ಲಿ ತೆರೆಯುತ್ತಿದ್ದವು. ಹಾಕಿದ ಪಾಯಿಂಟ್ ವಾಪಸ್ ಬರುತ್ತಿರಲಿಲ್ಲ. ಮೇಲಿನ ಸ್ಕಿಲ್ ಬಂದಮೇಲೆ ಕೆಳಗಿನದು ಕಸ. ಆಗ ಜಾಣರು ಏನು ಮಾಡಿದರು? ಪಾಯಿಂಟ್‌ಗಳನ್ನು ಖರ್ಚೇ ಮಾಡದೆ ಕೂಡಿಟ್ಟುಕೊಂಡು, ಬಡಕಲು ಪಾತ್ರವನ್ನು ಹೇಗೋ ಎಳೆದುಕೊಂಡು ಹೋಗಿ, ಮೇಲಿನ ಸ್ಕಿಲ್ ತೆರೆದ ದಿನ ಎಲ್ಲವನ್ನೂ ಅಲ್ಲಿಗೆ ಸುರಿದರು. ಲೆವೆಲ್ ಏರಿದ ಖುಷಿ ಕೊಡಬೇಕಾದ ಪಾಯಿಂಟ್, ಪೆಟ್ಟಿಗೆ ಸೇರಿತು.

2003ರಲ್ಲಿ ಬಂದ ತಿದ್ದುಪಡಿಯಲ್ಲಿ, ಅಂದರೆ 1.10 ಪ್ಯಾಚ್‌ನಲ್ಲಿ ಇದಕ್ಕೆ ಸಿನರ್ಜಿ ಎಂಬ ಮದ್ದು ಕೊಟ್ಟರು. ಕೆಳಗಿನ ಫೈರ್ ಬೋಲ್ಟ್‌ಗೆ ಹಾಕಿದ ಪಾಯಿಂಟ್ ಮೇಲಿನ ಫೈರ್ ಬಾಲ್‌ನ ಡ್ಯಾಮೇಜನ್ನೂ ಏರಿಸುತ್ತದೆ. ಕೆಳಗಿನ ಸ್ಕಿಲ್ ಕಸವಾಗುವುದು ನಿಂತಿತು. ಒಳ್ಳೆಯ ಯೋಚನೆಯೇ. ಆದರೆ ಮದ್ದಿನ ಜೊತೆ ಇನ್ನೊಂದು ಕಾಯಿಲೆ ಬಂತು. ಒಂದು ಸ್ಕಿಲ್‌ಗೆ 20, ಅದಕ್ಕೆ ಬಲ ಕೊಡುವ ಎರಡಕ್ಕೆ ತಲಾ 20. ಅಲ್ಲಿಗೆ 60 ಪಾಯಿಂಟ್‌ಗಳ ಹಣೆಬರಹ ಮೊದಲ ದಿನವೇ ಬರೆದಾಯ್ತು. 99ನೇ ಲೆವೆಲ್ ಮುಟ್ಟಿದರೂ ಒಟ್ಟು ಸಿಗುವುದು 110 ಮಾತ್ರ. ಕೈ ತಡೆಯಲು ಕಾರಣವೇ ಇಲ್ಲ.

ಇನ್ನು ಲೆಕ್ಕ. ತಲೆನೋವು ಅನ್ನಿಸಿದರೂ ಇಲ್ಲಿ ನಿಲ್ಲಲೇಬೇಕು, ಯಾಕೆಂದರೆ ಬಹಳಷ್ಟು ಆಟಗಳು ಕೆಡುವುದು ಇಲ್ಲೇ.

ಆಟಗಾರನ ಏಟು 100, ಶತ್ರುವಿನ ಹೆಲ್ತ್ 400 ಎಂದುಕೊಳ್ಳಿ. ನಾಲ್ಕು ಏಟಿಗೆ ಶತ್ರು ಸಾಯುತ್ತಾನೆ. ಲೆವೆಲ್‌ಗೆ ಏಟು 10 ಹೆಚ್ಚುತ್ತದೆ, ಶತ್ರುವಿನ ಹೆಲ್ತ್ ಶೇ. 10 ಹೆಚ್ಚುತ್ತದೆ. ಎರಡೂ ಹತ್ತೇ ತಾನೇ? ಅಲ್ಲ. ಒಂದು ಕೂಡುತ್ತದೆ, ಇನ್ನೊಂದು ಚಕ್ರಬಡ್ಡಿ. 20 ಲೆವೆಲ್ ಆದಮೇಲೆ ಏಟು 300, ಹೆಲ್ತ್ ಸುಮಾರು 2,690. ಈಗ ಒಂಬತ್ತು ಏಟು ಬೇಕು. ಇಪ್ಪತ್ತು ಸಲ ಬಲ ಬಂತು ಎಂದು ಸಂಭ್ರಮಪಟ್ಟವನು ಮೊದಲಿಗಿಂತ ಬಡವನಾಗಿದ್ದಾನೆ. ಅದಕ್ಕೇ ನಾನು ಡ್ಯಾಮೇಜಿನ ಅಂಕಿ ನೋಡುವುದನ್ನು ಬಿಟ್ಟು "ಎಷ್ಟು ಏಟಿಗೆ?" ಎಂದು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ.

ಆರ್ಮರ್, ಅಂದರೆ ಏಟು ತಡೆಯುವ ಕವಚ, ಇನ್ನೂ ಮೋಸದ್ದು. ಒಂದೊಂದು ಸ್ಕಿಲ್ ಏಟನ್ನು ಶೇ. 20 ಕಡಿಮೆ ಮಾಡುತ್ತದೆ ಎಂದು ಇಟ್ಟು, ಕೂಡುತ್ತಾ ಹೋದರೆ, ಐದನೆಯದಕ್ಕೆ ಪಾತ್ರಕ್ಕೆ ಸಾವೇ ಇಲ್ಲ. ಅದಕ್ಕೂ ಮುಂಚೆಯೇ ಹದ ತಪ್ಪಿರುತ್ತದೆ. ಮೊದಲನೆಯದು 100ರ ಏಟನ್ನು 80 ಮಾಡಿದರೆ, ನಾಲ್ಕನೆಯದು 40ರ ಏಟನ್ನು 20 ಮಾಡುತ್ತದೆ, ಅಂದರೆ ನೇರ ಅರ್ಧ. ಒಂದೇ ಬೆಲೆ, ಎರಡು ತೂಕ. ಇದಕ್ಕೆ ಹಳೆಯ ಉಪಾಯ ಒಂದಿದೆ. ಆರ್ಮರನ್ನು, ಆರ್ಮರ್ ಮತ್ತು 100ರ ಮೊತ್ತದಿಂದ ಭಾಗಿಸಿ. ಆರ್ಮರ್ 100 ಇದ್ದರೆ ಶೇ. 50 ತಡೆ, 200ಕ್ಕೆ ಸುಮಾರು 67, 300ಕ್ಕೆ 75. ನೂರು ಮುಟ್ಟುವುದೇ ಇಲ್ಲ. ಪ್ರತಿ 100 ಆರ್ಮರ್‌ಗೂ ಸರಿಯಾಗಿ ಇನ್ನೊಂದು ಹೆಲ್ತ್ ಬಾರ್‌ನಷ್ಟು ಆಯುಸ್ಸು ಸಿಗುತ್ತದೆ. ಕೂಲ್‌ಡೌನ್, ಅಂದರೆ ಒಂದು ಸ್ಕಿಲ್ ಮತ್ತೆ ಬಳಸಲು ಕಾಯಬೇಕಾದ ಹೊತ್ತು, ಅದನ್ನು ಕಡಿಮೆ ಮಾಡುವ ಸ್ಕಿಲ್‌ಗಳಿಗೂ ಇದೇ ಮದ್ದು.

ಗುಣಿಸುವ ಸ್ಕಿಲ್‌ಗಳ ಬಗ್ಗೆ ಒಂದೇ ಮಾತು. ತಲಾ ಶೇ. 50ರ ಆರು ಸ್ಕಿಲ್‌ಗಳನ್ನು ಕೂಡಿದರೆ ಏಟು 4 ಪಟ್ಟು, ಗುಣಿಸಿದರೆ 11 ಪಟ್ಟು ದಾಟುತ್ತದೆ. ಪಾತ್ ಆಫ್ ಎಕ್ಸೈಲ್ ಆಟ ಕೂಡುವುದಕ್ಕೆ ‘ಇನ್‌ಕ್ರೀಸ್ಡ್’, ಗುಣಿಸುವುದಕ್ಕೆ ‘ಮೋರ್’ ಎಂದು ಬೇರೆ ಬೇರೆ ಪದ ಇಟ್ಟಿದೆ. ಆ ಪ್ರಾಮಾಣಿಕತೆ ನನಗೆ ಇಷ್ಟ.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದೂ ನಾನು ಎಡವಿದ್ದು ಲೆಕ್ಕಕ್ಕೆ ಸಿಗದ ಒಂದು ಸ್ಕಿಲ್‌ನಲ್ಲಿ. ಉರುಳಿ ತಪ್ಪಿಸಿಕೊಳ್ಳುವ ಡಾಡ್ಜ್. ಸೆಕೆಂಡಿಗೆ 60 ಫ್ರೇಮಿನ ಆಟ, ಅಂದರೆ ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಬದಲಾಗುತ್ತವೆ. ಒಂದು ಉರುಳು 24 ಫ್ರೇಮ್, ಅದರಲ್ಲಿ 12 ಫ್ರೇಮ್ ಯಾವ ಏಟೂ ತಾಗುವುದಿಲ್ಲ. ಒಂದು ಪಾಯಿಂಟ್‌ಗೆ ಎರಡು ಫ್ರೇಮ್ ಹೆಚ್ಚು ಕೊಟ್ಟೆ. ಎರಡು ಫ್ರೇಮ್ ಅಂದರೆ ಏನು ಮಹಾ? ಐದು ಪಾಯಿಂಟ್ ಹಾಕಿದವರಿಗೆ 24ರಲ್ಲಿ 22 ಫ್ರೇಮ್ ಕವಚ. ಅವರು ಚೆಂಡಿನ ಹಾಗೆ ಉರುಳುತ್ತಾ ಇಡೀ ಕೋಟೆ ದಾಟಿದರು. ಬಾಸ್ ಪಾಪ, ಗಾಳಿಗೆ ಕತ್ತಿ ಬೀಸುತ್ತಿದ್ದ. ಆಮೇಲೆ ಆ ಸ್ಕಿಲ್‌ನಿಂದ ಫ್ರೇಮ್ ತೆಗೆದುಹಾಕಿದೆ. ಈಗ ಸರಿಯಾದ ಕ್ಷಣದಲ್ಲಿ ಉರುಳಿದರೆ ಮುಂದಿನ ಏಟು ಜೋರಾಗುತ್ತದೆ, ಅಷ್ಟೇ. ಏಟು ತಿನ್ನದಂತೆ ನೋಡಿಕೊಳ್ಳುವುದು ಆಡುವವರ ಕೈಚಳಕ. ಅದನ್ನು ಪಾಯಿಂಟ್‌ಗೆ ಮಾರಬಾರದಿತ್ತು.

"ಪಾಯಿಂಟೇ ಬೇಡ, ಬಳಸಿದಷ್ಟೂ ಸ್ಕಿಲ್ ಬೆಳೆಯಲಿ" ಎನ್ನುವವರೂ ಇದ್ದಾರೆ. ಕೇಳಲು ಚೆಂದ. 2011ರ ಸ್ಕೈರಿಮ್‌ನಲ್ಲಿ ಜನ ಕಮ್ಮಾರಿಕೆ ಬೆಳೆಸಲು ಸಾಲುಸಾಲು ಕಬ್ಬಿಣದ ಚೂರಿ ಬಡಿದರು. ಕೊನೆಗೆ ಮಾಡಿದ ವಸ್ತುವಿನ ಬೆಲೆಗೆ ತಕ್ಕಂತೆ ಸ್ಕಿಲ್ ಬೆಳೆಯುವ ಹಾಗೆ ಪ್ಯಾಚ್ ತರಬೇಕಾಯಿತು. ಶತ್ರುಗಳನ್ನೇ ಆಟಗಾರನ ಜೊತೆ ಬೆಳೆಸುವ ದಾರಿಯೂ ಹಾಗೇ. 2006ರ ಒಬ್ಲಿವಿಯನ್‌ನಲ್ಲಿ ಮೈತುಂಬಾ ದುಬಾರಿ ಗ್ಲಾಸ್ ಆರ್ಮರ್ ತೊಟ್ಟ ದಾರಿಗಳ್ಳ ಬಂದು 100 ನಾಣ್ಯ ಕೊಡು ಎಂದು ಬೆದರಿಸುತ್ತಾನೆ. ಆ ಆರ್ಮರ್ ಮಾರಿಕೊಂಡರೆ ಆರಾಮಾಗಿ ಬದುಕಬಹುದಿತ್ತಲ್ಲ ಮಾರಾಯ!

ಕೊನೆಯದಾಗಿ ರೀಸ್ಪೆಕ್, ಅಂದರೆ ಹಾಕಿದ ಪಾಯಿಂಟ್ ವಾಪಸ್ ಪಡೆಯುವುದು. ಡಿಯಾಬ್ಲೊ 2ಕ್ಕೆ ಅದು ಬಂದದ್ದು ಹತ್ತು ವರ್ಷದ ನಂತರ, 2010ರಲ್ಲಿ. ಡಿಯಾಬ್ಲೊ 3 ಪಾಯಿಂಟನ್ನೇ ತೆಗೆದು, ಸ್ಕಿಲ್‌ಗಳನ್ನು ಬೇಕಾದಾಗ ಬದಲಿಸಿಕೊಳ್ಳಿ ಎಂದಿತು. ಟಾರ್ಚ್‌ಲೈಟ್ 2ರಲ್ಲಿ ಕೊನೆಯ ಮೂರು ಪಾಯಿಂಟ್ ಮಾತ್ರ ವಾಪಸ್. ನನ್ನ ಮನಸ್ಸು ಮೂರನೆಯದರ ಕಡೆಗೇ. ಪೂರ್ತಿ ಬಿಟ್ಟಿಯಾದರೆ ಯಾರೂ ಯೋಚಿಸುವುದಿಲ್ಲ. ಪೂರ್ತಿ ಮುಚ್ಚಿದರೆ ಆಡುವ ಮೊದಲೇ ಬೇರೆಯವರ ಬಿಲ್ಡ್, ಅಂದರೆ ಪಾಯಿಂಟ್ ಹಂಚಿದ ಪಟ್ಟಿ, ಹುಡುಕಿ ನಕಲು ಹೊಡೆಯುತ್ತಾರೆ. ನನ್ನ ಆಟದಲ್ಲಿ ಹತ್ತನೇ ಲೆವೆಲ್‌ವರೆಗೆ ಎಲ್ಲ ವಾಪಸ್, ಆಮೇಲೆ ಪ್ರತಿ ಬಾಸ್ ಸತ್ತಾಗ ಐದು ಪಾಯಿಂಟ್.

ಹಾಗಂತ ಎಲ್ಲವನ್ನೂ ತೂಗಿ ಮುಗಿಸಿದ್ದೇನೆ ಎಂದುಕೊಳ್ಳಬೇಡಿ. ನಾಲ್ಕು ಜನ ಒಟ್ಟಿಗೆ ಆಡುವ ಆಟದಲ್ಲಿ ಒಬ್ಬನ ಅತಿ ಬಲ ಉಳಿದ ಮೂವರ ಖುಷಿ ಕೆಡಿಸುತ್ತದೆ, ಅಲ್ಲಿ ಮುಲಾಜಿಲ್ಲದೆ ಕಡಿಮೆ ಮಾಡಬೇಕು. ನನ್ನದು ಒಬ್ಬರೇ ಆಡುವ ಆಟ. ಅದರಲ್ಲಿ ವಿಷ ಮತ್ತು ಮಂಜನ್ನು ಒಂದು ವಿಚಿತ್ರ ಕ್ರಮದಲ್ಲಿ ಬೆರೆಸಿದರೆ ಕೊನೆಯ ಬಾಸ್ 40 ಸೆಕೆಂಡಿಗೆ ಮಲಗುತ್ತಾನೆ. ಗೊತ್ತಿದ್ದೂ ಬಿಟ್ಟಿದ್ದೇನೆ. ಅದನ್ನು ಕಂಡುಹಿಡಿದ ಗೆಳತಿ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ, "ನಿನ್ನ ಆಟ ಮುರಿದುಹಾಕಿದೆ ಕಣೋ" ಎಂದು ಕೂಗಿದ್ದಳು. ಆಮೇಲೆ ಇನ್ನೊಂದು ಸಲ ಮೊದಲಿನಿಂದ ಆಡಲು ಕೂತಳು.