ಬರೆದದ್ದೇ ವಾಪಸ್ ಬರ್ತಿದೆ ಸರ್

"ಸರ್, ಬರೆದದ್ದೇ ವಾಪಸ್ ಬರ್ತಿದೆ. ಮ್ಯಾಪಿಂಗ್ ಸರಿ ಇದೆ. ರಿಲೇ ಬೋರ್ಡೇ ಹೋಗಿರ್ಬೇಕು."

ಈ ವಾರ ಲ್ಯಾಬಿನಲ್ಲಿ ಹುಡುಗನೊಬ್ಬ ಹೇಳಿದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ನಡೆಯುತ್ತಿದ್ದ ಡ್ರೈವರನ್ನು (ಹಾರ್ಡ್‌ವೇರ್ ನಡೆಸುವ ಕೋಡನ್ನು) ಪೈ 4ಕ್ಕೆ ಹಾಕಿದ್ದ. ಕರ್ನಲ್ ಒಂದು ಸಾಲಿನ ದೂರೂ ಕೊಡಲಿಲ್ಲ, ಜಿಪಿಐಒ (ಸಾಮಾನ್ಯ ಬಳಕೆಯ ಇನ್‌ಪುಟ್-ಔಟ್‌ಪುಟ್) 17ನೇ ಪಿನ್ನಿನ ರಿಲೇ, ಅಂದರೆ ವಿದ್ಯುತ್ ಸ್ವಿಚ್, ಮಾತ್ರ ಟಕ್ ಅನ್ನಲಿಲ್ಲ. ಆಮೇಲೆ ಬೇರೆ ರಿಲೇ ಬೋರ್ಡ್ ಹಾಕಿ ನೋಡಿದರೂ ಅದೇ ಕಥೆ. ಪಿನ್ನನ್ನು ಹೈ ಮಾಡುವ ರಿಜಿಸ್ಟರ್ (ಹಾರ್ಡ್‌ವೇರ್‌ಗೆ ಆಜ್ಞೆ ಬರೆಯುವ ಜಾಗ) ಇರುವುದು ಜಿಪಿಐಒ ಬ್ಲಾಕಿನ ಆರಂಭದಿಂದ 1ಸಿ ದೂರದಲ್ಲಿ (ವಿಳಾಸ, ದೂರ, ಬರೆದ ಸಂಖ್ಯೆ ಎಲ್ಲ ಹೆಕ್ಸ್, ಅಂದರೆ 16ರ ಆಧಾರದ ಎಣಿಕೆ). ಅಲ್ಲಿಗೆ 20000 ಬರೆದ, ಅಂದರೆ (ಸೊನ್ನೆಯಿಂದ ಎಣಿಸಿದರೆ) 17ನೇ ಬಿಟ್. ಓದಿದ, 20000 ಬಂತು. ಹಾಗಾಗಿ ಸರಿ ಇದೆ ಅಂದ.

ಅವನು ಸಾಕ್ಷಿ ಅಂದುಕೊಂಡದ್ದೇ ದೋಷದ ಗುರುತು. ಆ ರಿಜಿಸ್ಟರ್ ಬರೆಯಲು ಮಾತ್ರ ಇರುವಂಥದ್ದು. ಅಂಚೆ ಡಬ್ಬಕ್ಕೆ ಹಾಕಿದ ಕಾಗದ ಕೈಹಾಕಿದರೆ ಮತ್ತೆ ಸಿಕ್ಕಿತು ಅಂದರೆ ಅದು ಅಂಚೆ ಡಬ್ಬವೇ ಅಲ್ಲ. ಬರೆದದ್ದನ್ನು ಹಾಗೇ ಹಿಂದಿರುಗಿಸುವುದು ರ್‍ಯಾಮ್‌ನ ಗುಣ.

ಆಗಿದ್ದು ಇಷ್ಟು. ಕೋಡಿನಲ್ಲಿ 3ಎಫ್200000 ಎಂದು ನೇರವಾಗಿ ಕೂರಿಸಿದ್ದರು. ಪೈ 2, ಪೈ 3ರಲ್ಲಿ ಜಿಪಿಐಒ ಇರುವುದು ಅಲ್ಲೇ. ಪೈ 4ರಲ್ಲಿ ಅದು ಎಫ್‌ಇ200000ಕ್ಕೆ ಹೋಗಿದೆ. ಹಳೆಯ ವಿಳಾಸದಲ್ಲಿ ಈಗ ಏನಿದೆ? ಮಾಮೂಲಿ ಸೆಟ್ಟಿಂಗಿನಲ್ಲಿ ಪೈ 4ರ ಮೊದಲ 1 ಜಿಬಿಯ ಕೊನೆಯ 76 ಎಂಬಿ ಗ್ರಾಫಿಕ್ಸ್ ಫರ್ಮ್‌ವೇರ್‌ಗೆ ಮೀಸಲು. ಲಿನಕ್ಸ್‌ಗೆ ಕಾಣುವ ರ್‍ಯಾಮ್ 3ಬಿ3ಎಫ್‌ಎಫ್‌ಎಫ್‌ಎಫ್‌ನಲ್ಲಿ ನಿಂತು, ಬೋರ್ಡಿನಲ್ಲಿ 1 ಜಿಬಿಗಿಂತ ಹೆಚ್ಚಿದ್ದರೆ ಮತ್ತೆ 40000000ದಿಂದ ಶುರುವಾಗುತ್ತದೆ. ಹುಡುಗನ ವಿಳಾಸ ಸರಿಯಾಗಿ ಈ ಸಂದಿಗೆ ಬಿತ್ತು. ತನ್ನದೇ ರ್‍ಯಾಮ್ ಆಗಿದ್ದರೆ ಕರ್ನಲ್‌ನ ಐಓರೀಮ್ಯಾಪ್ (ಹಾರ್ಡ್‌ವೇರ್ ವಿಳಾಸವನ್ನು ಕೋಡ್ ಬಳಸುವಂತೆ ಜೋಡಿಸಿಕೊಡುವ, ಅಂದರೆ ಮ್ಯಾಪ್ ಮಾಡುವ ಕರೆ) ಅಲ್ಲೇ ತಡೆಯುತ್ತಿತ್ತು. ಇದು ಲೆಕ್ಕದಲ್ಲಿಲ್ಲದ ಜಾಗವಾದ್ದರಿಂದ ಸುಮ್ಮನೆ ಮ್ಯಾಪ್ ಮಾಡಿಕೊಟ್ಟಿತು. ಡ್ರೈವರ್ ಇನ್ಯಾರದ್ದೋ ಮೆಮೊರಿಯ ಮೇಲೆ ಗೀಚುತ್ತ ಕೂತಿತ್ತು.

"ಬರೆದದ್ದೇ ವಾಪಸ್ ಬರ್ತಿದೆ ಸರ್."

ಹುಡುಗ ಚುರುಕು, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು "3ಎಫ್ ತೆಗೆದು ಎಫ್‌ಇ ಹಾಕಪ್ಪ, ಮುಗೀತು" ಎಂದು ಕುರ್ಚಿಯಿಂದ ಏಳದೆ ತೀರ್ಪು ಕೊಟ್ಟ ಹಿರಿಯರ ಮೇಲೆ. ಪೈ 5ರಲ್ಲಿ ಜಿಪಿಐಒ ಮುಖ್ಯ ಚಿಪ್ಪಿನಲ್ಲೇ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಆಚೆಗಿನ ಆರ್‌ಪಿ1 ಎಂಬ ಇನ್ನೊಂದು ಚಿಪ್ಪಿನಲ್ಲಿದೆ, ರಿಜಿಸ್ಟರ್‌ಗಳ ಜೋಡಣೆಯೇ ಬೇರೆ. ಅಲ್ಲಿ ಯಾವ ಸಂಖ್ಯೆ ಹಾಕುತ್ತಾರಂತೆ?

ಡೇಟಾಶೀಟ್ ನೋಡಿ ಬರೆಯುತ್ತೇವೆ ಅನ್ನುವವರಿಗೂ ಅಲ್ಲೊಂದು ಗುಂಡಿ ಇದೆ. ಮೊದಲ ಪೈನ ಚಿಪ್ಪಾದ ಬಿಸಿಎಂ2835ರ 2012ರ ಕೈಪಿಡಿಯಲ್ಲಿ ಜಿಪಿಐಒ ವಿಳಾಸ 7ಇ200000 ಎಂದಿದೆ. ಅದು ಚಿಪ್ಪಿನೊಳಗಿನ ಬಸ್ ವಿಳಾಸ. ಆ ಚಿಪ್ಪಿನ ಆರ್ಮ್ ಕೋರ್ ಅದೇ ಜಾಗವನ್ನು 20200000 ಎಂದು ನೋಡುತ್ತದೆ, ಇದು ಫಿಸಿಕಲ್ ವಿಳಾಸ. ಕರ್ನಲ್ ಕೋಡ್ ಮುಟ್ಟಬಹುದಾದದ್ದು ಇವೆರಡೂ ಅಲ್ಲ, ಪೇಜ್ ಟೇಬಲ್‌ನಲ್ಲಿ ದಾಖಲಾದ ವರ್ಚುವಲ್ ವಿಳಾಸ (ಪೇಜ್ ಟೇಬಲ್ ಎಂದರೆ ಕೋಡಿನ ವಿಳಾಸವನ್ನು ಫಿಸಿಕಲ್ ವಿಳಾಸಕ್ಕೆ ಕಟ್ಟುವ ಪಟ್ಟಿ). ಬಸ್‌ನಿಂದ ಫಿಸಿಕಲ್‌ಗೆ ಹೋಗುವ ಲೆಕ್ಕ ಡಿವೈಸ್ ಟ್ರೀಯ (ಬೋರ್ಡಿನಲ್ಲಿ ಏನು ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಕಡತದ) 'ರೇಂಜಸ್' ಸಾಲಿನಲ್ಲಿರುತ್ತದೆ. ಪೈ 4ರದ್ದು 7ಇ000000ವನ್ನು ಎಫ್‌ಇ000000ಕ್ಕೆ ಕಟ್ಟುತ್ತದೆ. ಡ್ರೈವರ್ ತನ್ನ ಜಾಗವನ್ನು 'ರೆಗ್' ಸಾಲಿನಿಂದ ಕೇಳಿ ಪಡೆದರೆ ಸಾಕು. ಡೆವ್‌ಎಂ_ಪ್ಲಾಟ್‌ಫಾರ್ಮ್_ಐಓರೀಮ್ಯಾಪ್_ರಿಸೋರ್ಸ್ ಎಂಬ ಒಂದೇ ಕರೆ ವಿಳಾಸ ಹುಡುಕಿ, ಜಾಗ ಕಾಯ್ದಿರಿಸಿ, ಮ್ಯಾಪ್ ಮಾಡಿಕೊಡುತ್ತದೆ. ಸೋತಾಗ ಅದು ಕೊಡುವುದು ನಲ್ (ಖಾಲಿ ಪಾಯಿಂಟರ್) ಅಲ್ಲ, ಪಾಯಿಂಟರ್ ವೇಷದ ದೋಷಸಂಖ್ಯೆ. ಅದನ್ನು ಪತ್ತೆಹಚ್ಚುವ ಇಸ್_ಎರ್ ಬದಲು ನಲ್‌ಗೆ ಹೋಲಿಸಿ ಮುಂದೆ ಹೋದವರಿಗೆ ಸ್ವಲ್ಪ ಹೊತ್ತಿನಲ್ಲೇ ಊಪ್ಸ್ (ಕರ್ನಲ್ ಎಡವಿದ ವರದಿ) ದರ್ಶನ.

ಕಾಯ್ದಿರಿಸುವ ಹೆಜ್ಜೆಯನ್ನು ಅನೇಕರು ಹಾರಿಸುತ್ತಾರೆ, ಹುಡುಗನ ಕೋಡೂ ಹಾರಿಸಿತ್ತು. ಎಫ್‌ಇ200000ವನ್ನು ಕ್ರಮವಾಗಿ ಕೇಳಿದ್ದರೆ ಕರ್ನಲ್ ಮೈನಸ್ 16 ಕೊಡುತ್ತಿತ್ತು, ಜಾಗ ಖಾಲಿ ಇಲ್ಲ ಎಂದು. ಕಾರಣ, ಪಿನ್‌ಕಂಟ್ರೋಲ್ ಡ್ರೈವರ್ ಆಗಲೇ ಅಲ್ಲಿ ಕೂತಿರುತ್ತದೆ. ಸುಡೋ (ನಿರ್ವಾಹಕನ ಅಧಿಕಾರ) ಹಾಕಿ ಪ್ರೋಕ್ ಕೆಳಗಿನ ಐಓಮೆಮ್ ಕಡತ ನೋಡಿದರೆ ಹೆಸರು ಸಮೇತ ಕಾಣುತ್ತದೆ. ಸುಡೋ ಇಲ್ಲದಿದ್ದರೆ ವಿಳಾಸಗಳೆಲ್ಲ ಸೊನ್ನೆ. ಪಿನ್ನಿನ ಕೆಲಸ ನಿರ್ಧರಿಸುವ ಒಂದೊಂದು ರಿಜಿಸ್ಟರಿನಲ್ಲಿ ಹತ್ತು ಪಿನ್‌ಗಳಿವೆ, ತಲಾ 3 ಬಿಟ್. ಇಬ್ಬರು ಒಂದೇ ಬೀಗವಿಲ್ಲದೆ ಓದಿ, ತಿದ್ದಿ, ಬರೆದರೆ ಒಬ್ಬರ ಪಿನ್ ಇನ್ನೊಬ್ಬರ ಕೈಯಲ್ಲಿ ಕೆಡುತ್ತದೆ. ಅದೂ ಯಾವಾಗಲೋ ಒಮ್ಮೆ. ಹೀಗಾಗಿ ರಿಲೇ ಕೆಲಸಕ್ಕೆ ಮ್ಯಾಪಿಂಗೇ ಬೇಕಿರಲಿಲ್ಲ. ಡಿವೈಸ್ ಟ್ರೀಯಲ್ಲಿ ಪಿನ್ ಹೆಸರಿಸಿ ಡೆವ್‌ಎಂ_ಜಿಪಿಐಒಡಿ_ಗೆಟ್‌ನಿಂದ ಕೇಳಿದ್ದರೆ ಮುಗಿಯುತ್ತಿತ್ತು.

ಈ "ವಾಪಸ್ ಬಂತು" ಎಂಬ ನಂಬಿಕೆ ಹುಟ್ಟುವುದು ಪಾಠದಲ್ಲೇ ಅಂತ ನನ್ನ ಗುಮಾನಿ. ರಿಜಿಸ್ಟರ್ ಮೆಮೊರಿಯ ಹಾಗೆ ಕಾಣುತ್ತದೆ ಎಂದು ಹೇಳಿ ನಿಲ್ಲಿಸಿಬಿಡುತ್ತಾರೆ. ಕಾಣುವುದು ವಿಳಾಸ ಮಾತ್ರ, ನಡತೆ ಬೇರೆಯೇ. ಇದೇ ಜಿಪಿಐಒ ಬ್ಲಾಕಿನಲ್ಲಿ ಘಟನೆ ಗುರುತಿಸುವ ಬಿಟ್ ಅಳಿಸಲು ಅದಕ್ಕೆ 1 ಬರೆಯಬೇಕು. ಸೀರಿಯಲ್ ಸಂಪರ್ಕ ನಡೆಸುವ ಪಿಎಲ್011 ಯುಎಆರ್‌ಟಿಯ ಡೇಟಾ ರಿಜಿಸ್ಟರಿಗೆ ಬರೆದರೆ ಅಕ್ಷರ ಹೊರಗೆ ಹೋಗುತ್ತದೆ, ಓದಿದರೆ ಒಳಗೆ ಬಂದದ್ದು ಸಿಗುತ್ತದೆ. ಸುಮ್ಮನೆ ಇಣುಕಿದರೂ ಕ್ಯೂನಲ್ಲಿದ್ದ ಒಂದು ಅಕ್ಷರ ಖಾಲಿ! ಹಾಗಾಗಿಯೇ ಐಓರೀಮ್ಯಾಪ್ ಆ ಪೇಜುಗಳನ್ನು ಕ್ಯಾಶ್‌ನಿಂದ ಹೊರಗಿಡುತ್ತದೆ. ಬರಿ ಪಾಯಿಂಟರ್ ಬಿಟ್ಟು ರೀಡ್‌ಎಲ್, ರೈಟ್‌ಎಲ್ ಎಂಬ ಓದುವ, ಬರೆಯುವ ಕರೆಗಳನ್ನು ಬಳಸಬೇಕಾದ್ದೂ ಅದಕ್ಕೇ. ಇಲ್ಲವಾದರೆ ಎರಡು ಬರಹಗಳನ್ನು ಕಂಪೈಲರ್ ಒಂದು ಮಾಡಬಹುದು, ಹಿಂದುಮುಂದೂ ಮಾಡಬಹುದು.

ವಿಳಾಸ ನಿಜವೇ ಎಂದು ನೋಡಬೇಕಾದರೆ ಬರೆಯಬೇಡಿ. ರಿಲೇ ಕಳಚಿ, ಪಿನ್ನನ್ನು ಇನ್‌ಪುಟ್‌ನಲ್ಲಿಟ್ಟು, 1 ಕಿಲೋಓಮ್ ರೆಸಿಸ್ಟರ್ ಮೂಲಕ ಒಮ್ಮೆ 3.3 ವೋಲ್ಟ್‌ಗೆ, ಒಮ್ಮೆ ಗ್ರೌಂಡ್‌ಗೆ ಮುಟ್ಟಿಸಿ, 34 ದೂರದ ಲೆವೆಲ್ ರಿಜಿಸ್ಟರ್ ಓದಿ. 17ನೇ ಬಿಟ್ ನಿಮ್ಮ ಕೈಯ ಜತೆಗೇ ಬದಲಾಗಬೇಕು. ಪಕ್ಕದ 5 ವೋಲ್ಟ್ ಪಿನ್ನಿಗೆ ಮಾತ್ರ ತಾಗಿಸಬೇಡಿ, ಚಿಪ್ಪೇ ಹೋಗಬಹುದು.